ಡಿಕ್ಲರೇಶನ್ ಕಾಲದ ಕಟ್ಟುಗಳು

ಕುಂದಾಪುರದಲ್ಲಿ ವಕೀಲರ ಗುಮಾಸ್ತನಾಗಿಯೇ ನನ್ನ ತಲೆ ಹಣ್ಣಾಯಿತು. ಜಾಗದ ಕಾಗದ ಹಿಡಿದು ಬಂದವರನ್ನು ನಾನು ಮೊದಲು ಕೇಳುವುದು, ‘ಡಿಕ್ಲರೇಶನ್ ಆರ್ಡರ್ ಇತ್ತಾ?’ ಹಳೆಯ ಕಟ್ಟು ಹುಡುಕುವಾಗ ಬೈಂದೂರು ಆಗ ಕುಂದಾಪುರ ತಾಲೂಕಿನಲ್ಲಿತ್ತು, ಬ್ರಹ್ಮಾವರ ಉಡುಪಿಯಲ್ಲಿತ್ತು ಎಂಬುದು ನೆನಪಿರಬೇಕು.

ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಒಕ್ಕಲಿನವರು 7ನೇ ನಮೂನೆಯಲ್ಲಿ ಅರ್ಜಿ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ‘ಡಿಕ್ಲರೇಶನ್’, ಕೊಟ್ಟು ಹಕ್ಕು ಕೇಳಬೇಕಿತ್ತು. ಕೊನೆಯ ಗಡುವು 1979ರ ಜೂನ್ 30. ಒಕ್ಕಲು ಹೌದೋ ಅಲ್ಲವೋ ಎಂದು ಹೇಳುವ ಅಧಿಕಾರ ಸಿವಿಲ್ ಕೋರ್ಟಿಗಿರಲಿಲ್ಲ. ಅದು ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರಾಗಿದ್ದ ಭೂನ್ಯಾಯ ಮಂಡಳಿಯದು. ಅಲ್ಲಿಗೆ ವಕೀಲರು ಹೋಗುವಂತಿರಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ತೆಗೆದುಹಾಕಿತು.

ಅಕ್ಕಿ ಮುಡಿ ಹೊತ್ತು ಧಣಿಗಳ ಮನೆಯಂಗಳಕ್ಕೆ ಗೇಣಿ ಮುಟ್ಟಿಸಿದ ಎಷ್ಟೋ ಚಾಲಗೇಣಿ (ವರ್ಷಾವಧಿ ಗೇಣಿ) ಒಕ್ಕಲಿಗೆ ರಶೀದಿಯೇ ಇರಲಿಲ್ಲ. ಪಕ್ಕದ ಗದ್ದೆಯವರು ಮಂಡಳಿಯ ಮುಂದೆ ಬಂದು, ನಾಟಿ ಮಾಡುವುದು ಇವರೇ, ಕೊಯ್ಯುವುದೂ ಇವರೇ ಎಂದು ಹೇಳಬೇಕಿತ್ತು. ಆ ಮಾತನ್ನು ಕೇಳಿಸಿಕೊಳ್ಳುವ ಒಂದು ಕಟ್ಟೆ ಊರ ಹತ್ತಿರವೇ ಸಿಕ್ಕಿದ್ದು ದೊಡ್ಡ ಸಂಗತಿ.

ಮಂಡಳಿಯ ಆದೇಶವೇ ಅಂತಿಮ ಎಂದಿತು ಕಾಯ್ದೆ. ಆದರೂ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಬಾಗಿಲು ತೆರೆದೇ ಇತ್ತು. ಪಾಟೀಸವಾಲಿಗೆ ಅವಕಾಶ ಕೊಡದ, ಕಾರಣ ಬರೆಯದ ಆದೇಶಗಳು ಅಲ್ಲಿ ರದ್ದಾಗಿ ಮರುವಿಚಾರಣೆಗೆ ವಾಪಸು ಬಂದವು. ಒಕ್ಕಲಿನ ಪರವಾಗಿಯೇ ಬರೆದಿದ್ದರೂ ಅವಸರದ ಆದೇಶ ಒಕ್ಕಲನ್ನು ಕಾಯಲಿಲ್ಲ. ಗದ್ದೆ ಮಾಡಿಕೊಂಡಿದ್ದವರು ಕಟ್ಟು ಹಿಡಿದು ಘಟ್ಟ ಹತ್ತಿ ಬೆಂಗಳೂರಿಗೆ ಅಲೆಯಬೇಕಾಯಿತು. 1986ರಲ್ಲಿ ಜಿಲ್ಲೆಯಲ್ಲೇ ಮೇಲ್ಮನವಿ ಪ್ರಾಧಿಕಾರ ಬಂತು, 1990ರಲ್ಲಿ ಅದನ್ನು ರದ್ದು ಮಾಡಿದರು. ಅದನ್ನು ಉಳಿಸಿಕೊಳ್ಳಬೇಕಿತ್ತು ಎಂದು ಈಗಲೂ ನನಗನ್ನಿಸುತ್ತದೆ.

ತನ್ನ ಆದೇಶವನ್ನು ತಾನೇ ತಿದ್ದುವ ಅಧಿಕಾರ ಮಂಡಳಿಗೆ ಸ್ವಲ್ಪವೇ ಉಂಟು. ಬರವಣಿಗೆಯ, ಲೆಕ್ಕದ ತಪ್ಪನ್ನು ಸರಿಮಾಡಬಹುದು. ಜಾಗ ಅಳೆಸಿ, ಸಂಬಂಧಪಟ್ಟವರನ್ನು ಕೇಳಿ ವಿಸ್ತೀರ್ಣ ತಿದ್ದಬಹುದು. ಹಕ್ಕು ಯಾರದೆಂಬುದನ್ನು ಆ ನೆಪದಲ್ಲಿ ಬದಲಿಸುವಂತಿಲ್ಲ. ಮೊನ್ನೆ ಬೈಂದೂರು ಕಡೆಯ ಅಮ್ಮ ಒಬ್ಬರು ತಂದ ಆರ್ಡರಿನಲ್ಲಿ ಬೈಲುಗದ್ದೆ 62 ಸೆಂಟ್ಸ್ ಎಂದಿದೆ. ಸರ್ವೇಯರ್ ತೋಡಿನ ಅಂಚಿನವರೆಗೆ ಅಳೆದರೆ 71. ಧಣಿಗಳ ಮೊಮ್ಮಕ್ಕಳಿಗೂ ನೋಟಿಸ್ ಯಾಕೆ ಎಂದು ಅವರಿಗೆ ಬೇಸರ. ಮೊಮ್ಮಕ್ಕಳನ್ನು ಕೇಳದೆ ತಿದ್ದಿಸಿಕೊಂಡರೆ ಇದೂ ಹೈಕೋರ್ಟಿನಲ್ಲಿ ಬಿದ್ದುಹೋಗುತ್ತದೆ ಎಂದು ವಿವರಿಸಿ, ಆ ಮೊಮ್ಮಕ್ಕಳ ಹೆಸರು, ವಿಳಾಸ ಕೇಳಿ ಬರೆದುಕೊಂಡೆ.