ಚೌಕಟ್ಟು ಬಿರಿಯುವ ಬಗೆ: ಕಾಲುವೆ ಏರಿಯ ಸೈಕಲ್ಲಿನಿಂದ ಗುಡ್ಡದ ಸೈಕಲ್ಲಿನವರೆಗೆ

ಕಳೆದ ತಿಂಗಳು ಬೆಂಗಳೂರಿನಲ್ಲಿರುವ ನನ್ನ ಮಗ ದೂರವಾಣಿಗೆ ಒಂದು ಚಿತ್ರ ಕಳುಹಿಸಿದ. ಅವನ ಗುಡ್ಡ ಹತ್ತುವ ಸೈಕಲ್ಲಿನ ಹಿಂಬದಿಯ ಚೌಕಟ್ಟು ಅದು. ಕೀಲು ಕೂಡುವ ಜಾಗದಲ್ಲಿ, ಬೆಸುಗೆಯ ಪಕ್ಕದಲ್ಲಿ, ಕೂದಲೆಳೆಯಂಥ ಒಂದು ಗೆರೆ. ಜೊತೆಗೊಂದು ಪ್ರಶ್ನೆ: "ಅಪ್ಪಾ, ಈ ಮಾದರಿಯ ಹಿಂಭಾಗ ಈಗ ತಯಾರಾಗುತ್ತಿಲ್ಲವಂತೆ. ಬೇರೆ ಫ್ರೇಮ್ ಕೊಳ್ಳಬೇಕು. ಎರಡೂ ಕಡೆ ಸಸ್ಪೆನ್ಷನ್ ಇರುವಂಥದ್ದು, ಕಲ್ಲುಬಂಡೆಯ ಮೇಲೆ ಧುಮುಕಿದರೂ ತಡೆಯುವಂಥದ್ದು. ಅಲ್ಲಿಯವರೆಗೆ ಇದರಲ್ಲೇ ಇನ್ನೆರಡು ವಾರ ಓಡಿಸಬಹುದೇ?"

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನು, ಯಂತ್ರಶಾಸ್ತ್ರಜ್ಞನಲ್ಲ. ಆದರೂ ಆ ಗೆರೆಯನ್ನು ನೋಡಿದೊಡನೆ ನನ್ನ ಕೈ ತಣ್ಣಗಾಯಿತು. ಕಾರಣವನ್ನು ಮುಂದೆ ಹೇಳುತ್ತೇನೆ. ಅವನ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಮೂರು ವಾರ ಸೈಕಲ್ಲಿನ ಇತಿಹಾಸದಲ್ಲಿ ಮುಳುಗಿದೆ. ಅದರ ಫಲವೇ ಈ ಬರಹ.

ನಮ್ಮ ತುರ್ವಿಹಾಳದ ನೆಲ ಬಲ್ಲವರಿಗೆ ಸೈಕಲ್ಲಿನ ಕಷ್ಟ ಗೊತ್ತು. ಬೇಸಿಗೆಯಲ್ಲಿ ಎರೆಹೊಲ ಬಿರಿದು ಗಾಲಿ ಸಿಕ್ಕಿಬೀಳುವಷ್ಟು ಬಿರುಕು. ಮಳೆ ಬಿದ್ದರೆ ಅದೇ ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ಕಲ್ಲಿನಂತೆ ನಿಂತು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತರಬೇಕಾಗುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಡಲಾರಂಭಿಸಿ, ಮುಂದೆ ಎಡದಂಡೆ ಕಾಲುವೆ ನಮ್ಮ ಸೀಮೆಗೆ ಬಂದಾಗ ಭತ್ತದ ಜೊತೆಗೆ ಇನ್ನೊಂದು ವಸ್ತುವೂ ಬಂದಿತು. ಅದು ಕಾಲುವೆಯ ಏರಿ. ಎತ್ತರದ, ಗಟ್ಟಿಯಾದ, ಮಳೆಗಾಲದಲ್ಲೂ ತುಸು ಬೇಗ ಒಣಗುವ ದಾರಿ. ನಮ್ಮ ತಲೆಮಾರಿನವರಿಗೆ ಏರಿಯೇ ಹೆದ್ದಾರಿ. ಅದರ ಮೇಲೆ ಗೊಬ್ಬರದ ಚೀಲ, ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬಾಣಂತಿ, ಕೂಸು ಎಲ್ಲವೂ ಸೈಕಲ್ಲಿನ ಮೇಲೆಯೇ ಸಾಗುತ್ತಿದ್ದವು.

ಆ ಸೈಕಲ್ಲುಗಳಾದರೂ ಎಂಥವು! ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಹುಟ್ಟಿದ ಟಿ.ಐ. ಸೈಕಲ್ಸ್‌ನವರ ಹರ್ಕ್ಯುಲಿಸ್, ಸೋನಿಪತ್ತಿನಲ್ಲಿ 1951ರಲ್ಲಿ ಆರಂಭವಾದ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಮುಂಜಾಲ್ ಸೋದರರು ಕಟ್ಟಿದ ಹೀರೋ, ಆಸನ್ಸೋಲಿನಿಂದ ಬರುತ್ತಿದ್ದ ರಾಲೆ. ಊರಲ್ಲಿ ರಾಲೆ ಇದ್ದವನು ಅರ್ಧ ಜಮೀನುದಾರನೇ ಸರಿ. ಇವೆಲ್ಲವೂ ಇಂಗ್ಲೆಂಡಿನ ಹಳೆಯ ರೋಡ್‌ಸ್ಟರ್ ಸೈಕಲ್ಲಿನ ಮಕ್ಕಳು. 28 ಅಂಗುಲದ ಗಾಲಿ, ಉಕ್ಕಿನ ಕೊಳವೆಗಳು, ಕೊಳವೆಗಳು ಕೂಡುವಲ್ಲಿ ಲಗ್ ಎಂಬ ಉಕ್ಕಿನ ತೋಳು, ಅದರೊಳಗೆ ಹಿತ್ತಾಳೆ ಕರಗಿಸಿ ಹಾಕಿದ ಬೆಸುಗೆ. ಗೊಬ್ಬರದ ಚೀಲ ಹೊರುವವರು ಡಬಲ್ ಬಾರನ್ನೇ ಕೇಳಿ ಕೊಳ್ಳುತ್ತಿದ್ದರು. ಸಸ್ಪೆನ್ಷನ್ ಎಂದರೆ ಸೀಟಿನ ಕೆಳಗಿನ ಎರಡು ದಪ್ಪ ಸ್ಪ್ರಿಂಗುಗಳು ಮಾತ್ರ. ಕಾಲು ನಿಲುಕದ ನಾವು ಫ್ರೇಮಿನ ತ್ರಿಕೋನದೊಳಗೆ ಕಾಲು ತೂರಿಸಿ ಕತ್ತರಿ ಹೊಡೆಯುತ್ತ ಕಲಿತವರು. ಚೌಕಟ್ಟು ಎಂಬುದರ ಆಕಾರ ನನಗೆ ಮೊದಲು ಪರಿಚಯವಾದದ್ದು ಹಾಗೆ, ಮೊಣಕಾಲಿನ ಗಾಯಗಳ ಮೂಲಕ.

ಈ ತ್ರಿಕೋನದ ಕಥೆ ಸ್ವಾರಸ್ಯಕರ. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹೆಚ್ಚುಕಡಿಮೆ ಸಮಾನವಾದ ಎರಡು ಗಾಲಿ ಮತ್ತು ಹಿಂಗಾಲಿಗೆ ಚೈನು ಇರುವ ರೋವರ್ ಸೈಕಲ್ಲನ್ನು ಹೊರತಂದನು. ಆ ಕಾಲದ ಗಾಲಿಗಳಿಗೆ ಗಟ್ಟಿ ರಬ್ಬರು. ಇಂಗ್ಲೆಂಡಿನ ಕಲ್ಲುಹಾಸಿನ ರಸ್ತೆಗಳಲ್ಲಿ ಸವಾರನ ಎಲುಬು ಸಡಿಲಾಗುತ್ತಿತ್ತು. ಅದೇ 1885ರಲ್ಲಿಯೇ ಲಂಡನ್ನಿನ ಲಿನ್ಲಿ ಮತ್ತು ಬಿಗ್ಸ್ ಎಂಬ ಕಂಪನಿ ವಿಪೆಟ್ ಎಂಬ ಸೈಕಲ್ಲನ್ನು ಮಾಡಿತು. ಸೀಟು, ಹಿಡಿ, ಪೆಡಲ್ ಮೂರನ್ನೂ ಒಂದು ಚೌಕಟ್ಟಿನಲ್ಲಿ ಸೇರಿಸಿ, ಆ ಚೌಕಟ್ಟನ್ನು ಗಾಲಿಗಳ ಚೌಕಟ್ಟಿನಿಂದ ಬೇರ್ಪಡಿಸಿ ನಡುವೆ ಸ್ಪ್ರಿಂಗ್ ಹಾಕಿದರು. ಅಂದರೆ ನನ್ನ ಮಗ ಇಂದು ಹೊಸ ತಂತ್ರಜ್ಞಾನವೆಂದು ಬೀಗುವ ಎರಡು ಕಡೆಯ ಸಸ್ಪೆನ್ಷನ್ನಿನ ಮೂಲ ವಿಚಾರ ನೂರ ನಲವತ್ತು ವರ್ಷ ಹಳೆಯದು!

ಹಾಗಾದರೆ ಅದು ಏಕೆ ಮರೆಯಾಯಿತು? 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿದನು. ಗಾಳಿಯೇ ಸ್ಪ್ರಿಂಗ್ ಆದಮೇಲೆ ಕೀಲು, ಕೊಂಡಿ, ಸುರುಳಿಗಳ ರಗಳೆ ಯಾರಿಗೆ ಬೇಕು? ಕೀಲು ಸವೆಯುತ್ತದೆ, ಸಡಿಲಾಗುತ್ತದೆ, ತೂಕ ಹೆಚ್ಚುತ್ತದೆ. ಕೆಲವೇ ವರ್ಷಗಳಲ್ಲಿ ಗಟ್ಟಿ ವಜ್ರಾಕೃತಿಯ ಚೌಕಟ್ಟು ಗೆದ್ದಿತು. ಅದೇ ನಮ್ಮ ಏರಿಯ ಮೇಲೂ ಓಡಿತು. ಈ ನಡುವೆ ಸ್ಪ್ರಿಂಗನ್ನು ಮರಳಿ ತರಲು ಪ್ರಯತ್ನಿಸಿದವರೂ ಇದ್ದರು. 1962ರಲ್ಲಿ ಅಲೆಕ್ಸ್ ಮೌಲ್ಟನ್ ಸಣ್ಣ ಗಾಲಿಯ, ರಬ್ಬರ್ ಸಸ್ಪೆನ್ಷನ್ನಿನ ಸೈಕಲ್ಲನ್ನು ತಂದನು. ಆದರೆ ಅದು ನಗರದ ಡಾಂಬರಿಗಾಗಿ ಹುಟ್ಟಿದ್ದು.

ಗುಡ್ಡದ ಸೈಕಲ್ಲು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಟಮಾಲ್ಪಾಯಿಸ್ ಬೆಟ್ಟದ ಆಸುಪಾಸಿನಲ್ಲಿ. ಕೆಲವು ತರುಣರು 1930ರ ದಶಕದ ಶ್ವಿನ್ ಕಂಪನಿಯ ಹಳೆಯ ಭಾರದ ಸೈಕಲ್ಲುಗಳನ್ನು ಗುಜರಿಯಿಂದ ಹೆಕ್ಕಿ ತಂದು ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ರೀಪ್ಯಾಕ್ ಎಂಬ ಇಳಿಜಾರಿನ ಪಂದ್ಯ ಮೊದಲ ಬಾರಿಗೆ ನಡೆಯಿತು. ಆ ಹೆಸರೇಕೆಂದರೆ, ಒಮ್ಮೆ ಇಳಿದರೆ ಸಾಕು, ಬ್ರೇಕು ಕಾದು ಹಬ್ಬಿನೊಳಗಿನ ಗ್ರೀಸು ಸುಟ್ಟು ಹೋಗುತ್ತಿತ್ತು. ಪುನಃ ಗ್ರೀಸು ತುಂಬಬೇಕು. ಹಳೆಯ ಫ್ರೇಮುಗಳು ಆ ಹೊಡೆತಕ್ಕೆ ಬಿರಿಯತೊಡಗಿದಾಗ ಜೋ ಬ್ರೀಜ್ ಎಂಬುವನು 1977ರಲ್ಲಿ ಕ್ರೋಮೋಲಿ ಉಕ್ಕಿನಿಂದ ಆ ಕೆಲಸಕ್ಕೆಂದೇ ಹೊಸ ಫ್ರೇಮು ಕಟ್ಟಿದನು. ಗಮನಿಸಿ, ಅವರು ಹೊಸ ಫ್ರೇಮು ಕಟ್ಟಲು ಕಾರಣ ವೇಗದ ಹಂಬಲವೊಂದೇ ಅಲ್ಲ, ಮುರಿತ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂದಿತು. 1980ರ ದಶಕ ಮುಗಿಯುವ ವೇಳೆಗೆ ಪಾಲ್ ಟರ್ನರನ ರಾಕ್‌ಶಾಕ್ಸ್ ಮುಂಭಾಗದ ಚಿಮಟಾಕ್ಕೆ ಸಸ್ಪೆನ್ಷನ್ ಕೊಟ್ಟಿತು. 1990ರ ದಶಕದಲ್ಲಿ ಆಸ್ಟ್ರಿಯಾ ಮೂಲದ ಹೋರ್ಸ್ಟ್ ಲೈಟ್ನರ್ ಎಂಬ ಮೋಟಾರ್‌ಸೈಕಲ್ ಪಂದ್ಯಪಟು ಹಿಂಗಾಲಿಗೆ ನಾಲ್ಕು ಕೊಂಡಿಗಳ ವ್ಯವಸ್ಥೆ ಮಾಡಿದನು. ಇಂದಿಗೂ ಅದರ ಮುಖ್ಯ ಕೀಲಿಗೆ ಅವನ ಹೆಸರೇ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಗುಡ್ಡದ ಸೈಕಲ್ ಪಂದ್ಯವೂ ಸೇರಿತು. ನಮ್ಮಲ್ಲಿಯೂ 2021ರ ಫೆಬ್ರವರಿಯಲ್ಲಿ ಗದಗಿನಲ್ಲಿ ಇದರ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು.

ಹೀಗೆ ಡನ್ಲಪ್ಪನ ಟೈರು ಹೊರದೂಡಿದ್ದ ಕೀಲುಗಳು ನೂರು ವರ್ಷದ ಮೇಲೆ ಮರಳಿ ಬಂದವು. ಕೀಲಿನ ಜೊತೆಗೆ ಕೀಲಿನ ಕಾಯಿಲೆಗಳೂ ಬಂದವು.

ಇನ್ನು ನನ್ನ ಕೈ ತಣ್ಣಗಾದ ಕಾರಣ. 1979ರ ಮುಂಗಾರು. ನಾನಾಗ ಕಾಲೇಜು ವಿದ್ಯಾರ್ಥಿ. ನಮ್ಮ ಅಣ್ಣನ ಸೈಕಲ್ಲಿನ ಮುಂಭಾಗದಲ್ಲಿ ಒಂದು ವಾರದಿಂದ 'ಕಟ್ ಕಟ್' ಎಂಬ ಸದ್ದು. ನಾನೂ ಕೇಳಿದ್ದೆ. ರಿಪೇರಿಯವರು ಛರ್ರೆ ಹೋಗಿವೆ ಎಂದು ಛರ್ರೆ ಬದಲಿಸಿ ಗ್ರೀಸು ಹಾಕಿ ಕೊಟ್ಟರು. ಸದ್ದು ಎರಡು ದಿನ ನಿಂತು ಮತ್ತೆ ಶುರುವಾಯಿತು. ಅದನ್ನೂ ಕೇಳಿದೆ, ಸುಮ್ಮನಿದ್ದೆ. ಮೂರನೆಯ ದಿನ ಕ್ಯಾರಿಯರಿನ ಮೇಲೆ ಗೊಬ್ಬರದ ಚೀಲ ಹೇರಿಕೊಂಡು ಏರಿಯ ಇಳಿಜಾರಿನಲ್ಲಿ ಇಳಿಯುವಾಗ ಚಿಮಟಾದ ನೆತ್ತಿ ಕಡಿದು ಅಣ್ಣ ಮುಖ ಅಡಿಯಾಗಿ ಕಲ್ಲಿನ ಮೇಲೆ ಬಿದ್ದ. ದವಡೆ ಮುರಿಯಿತು. ನಾಲ್ಕು ಹಲ್ಲು ಹೋದವು. ಆ ಬೇಸಿಗೆಗೆ ಗೊತ್ತಾಗಿದ್ದ ಮದುವೆ ತಪ್ಪಿತು. ಅವನು ಆ ಬಗ್ಗೆ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, ಏಕೆಂದರೆ ನಾನು ಸದ್ದು ಕೇಳಿದ್ದೆನೆಂಬುದೇ ಅವನಿಗೆ ತಿಳಿದಿರಲಿಲ್ಲ.

ಮುರಿದ ಚಿಮಟಾವನ್ನು ನಾನು ಬಹಳ ದಿನ ಇಟ್ಟುಕೊಂಡಿದ್ದೆ. ಮುರಿದ ಬಾಯಿಯಲ್ಲಿ ಅರ್ಧ ಭಾಗ ನುಣುಪಾಗಿ, ತುಕ್ಕು ಹಿಡಿದು ಕಪ್ಪಾಗಿತ್ತು. ಉಳಿದರ್ಧ ಹೊಸದಾಗಿ, ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ರೈಲುಗಳ ಇತಿಹಾಸ ಓದುವಾಗ. 1842ರ ಮೇ 8ರಂದು ಫ್ರಾನ್ಸಿನ ವರ್ಸಾಯ್ ಬಳಿ ಎಂಜಿನ್ನಿನ ಅಚ್ಚು ಮುರಿದು ಹಲವರು ಸತ್ತರು. ಗಟ್ಟಿ ಕಬ್ಬಿಣ ಯಾವ ಅತಿಭಾರವೂ ಇಲ್ಲದೆ ಏಕೆ ಮುರಿಯಿತು ಎಂಬುದು ಎಲ್ಲರನ್ನೂ ಕಾಡಿತು. ಮುಂದೆ ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ಪರೀಕ್ಷಿಸಿ ತೋರಿಸಿದ: ಒಮ್ಮೆ ಹೇರಿದರೆ ಲೋಹ ತಾಳಬಲ್ಲ ಭಾರವೇ, ಲಕ್ಷ ಬಾರಿ ಬಂದುಹೋದರೆ ಅದನ್ನು ಮುರಿಯುತ್ತದೆ. ಮೊದಲು ಒಂದು ಸಣ್ಣ ಬಿರುಕು. ಅದು ಸದ್ದಿಲ್ಲದೆ ಬೆಳೆದು, ಉಳಿದ ಭಾಗ ಸಾಲದಾದ ಕ್ಷಣದಲ್ಲಿ ಒಮ್ಮೆಲೇ ಕಡಿಯುತ್ತದೆ. ಅಣ್ಣನ ಚಿಮಟಾದ ಕಪ್ಪು ಭಾಗ ಹಳೆಯ ಬಿರುಕು. ಹೊಳೆಯುವ ಭಾಗ ಅವನು ಬಿದ್ದ ದಿನದ್ದು. (ನಮ್ಮ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ರೈಲಿನ ಪಾಠ ಅದಕ್ಕೂ ಮೊದಲೇ ನಮ್ಮ ಮನೆಗೆ ಬಂದಿತ್ತು.)

ಉಕ್ಕಿಗೆ ಒಂದು ಗುಣವಿದೆ. ಒಂದು ಮಿತಿಗಿಂತ ಕಡಿಮೆ ಹೊಡೆತಗಳಾದರೆ ಅದು ಹೆಚ್ಚುಕಡಿಮೆ ಎಷ್ಟು ಬಾರಿಯಾದರೂ ತಾಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಹೊಡೆತವೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಹಾಗೆಂದು ಅಲ್ಯೂಮಿನಿಯಂ ಕೆಟ್ಟದ್ದೆನ್ನಲಾಗದು. ಕೊಳವೆಯನ್ನು ದಪ್ಪವಾಗಿ, ಅಗಲವಾಗಿ ಮಾಡಿ ಹೊಡೆತವನ್ನು ಹಂಚಿದರೆ ದಶಕ ಬಾಳುತ್ತದೆ. ಕಾರ್ಬನ್ ನಾರಿನ ಫ್ರೇಮು ಈ ಬಗೆಯ ದಣಿವಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಚೂಪು ಕಲ್ಲು ತಾಗಿದರೆ ಒಳಪದರದ ಗಾಯ ಹೊರಗೆ ಕಾಣದೆ ಉಳಿಯಬಹುದು.

ಇಷ್ಟೆಲ್ಲ ಓದಿ ಮಗನಿಗೆ ಬರೆದದ್ದನ್ನು ಇಲ್ಲಿ ತುಸು ಹೇಳುತ್ತೇನೆ. ಅವನು ಮೊದಲು ನೋಡಿದ್ದು ತೂಕ ಮತ್ತು ಬಣ್ಣ. ನಾನು ಹೇಳಿದೆ, ಕೀಲುಗಳನ್ನು ನೋಡು. ಬೇರಿಂಗು ದೊಡ್ಡದಾಗಿರಲಿ, ಧೂಳು ಕೆಸರು ಹೋಗದಂತೆ ಮುಚ್ಚಿರಲಿ, ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುವ ಸಾಮಾನ್ಯ ಅಳತೆಯದಾಗಿರಲಿ. ಕೀಲು ಸಡಿಲವಾದರೆ ಹಿಂಭಾಗ ಓರೆಯಾಗಿ ಜಗ್ಗುತ್ತದೆ. ಆ ಜಗ್ಗಾಟವೇ ಬೆಸುಗೆಯ ಪಕ್ಕ ಬಿರುಕು ಹುಟ್ಟಿಸುತ್ತದೆ. ಒಂದೇ ಕೀಲಿನ ಫ್ರೇಮಿಗೆ ಸವೆಯುವ ಭಾಗ ಕಡಿಮೆ. ನಾಲ್ಕು ಕೊಂಡಿಯದು ಬ್ರೇಕು ಹಿಡಿದಾಗ ಮೃದುವಾಗಿ ನಡೆಯುತ್ತದೆ, ಆದರೆ ಆರೈಕೆ ಬೇಡುತ್ತದೆ. ನೀನು ಆರೈಕೆ ಮಾಡುವವನೋ ಅಲ್ಲವೋ ಎಂಬುದು ನಿನ್ನ ತಾಯಿಗೆ ಗೊತ್ತು! ತಲೆಯ ಕೊಳವೆ ಕೂಡುವಲ್ಲಿ ಬಲಪಟ್ಟಿ ಇದೆಯೇ ನೋಡು. ಹಿಂಗಾಲಿಗೂ ಚೌಕಟ್ಟಿಗೂ ನಡುವೆ ಎರೆಮಣ್ಣು ಹಾಯುವಷ್ಟು ಜಾಗವಿರಲಿ. ನಮ್ಮ ಊರಿಗೆ ತಂದರೆ ತಿಳಿಯುತ್ತದೆ. ಪೆಡಲಿನ ಅಚ್ಚು ಕೂರುವ ಜಾಗ ತಿರುಪಿನದಾಗಿರಲಿ, ಒತ್ತಿ ಕೂರಿಸಿದ್ದು ಧೂಳು ಸೇರಿದರೆ ಕಿರುಗುಡುತ್ತದೆ. ಕಿರುಗುಡುವ ಸೈಕಲ್ಲಿನಲ್ಲಿ ಬಿರುಕಿನ ಸದ್ದು ಯಾವುದೆಂದು ಹೇಗೆ ತಿಳಿಯುವುದು? ಎಲ್ಲಕ್ಕಿಂತ ಮುಖ್ಯವಾಗಿ, ಹಿಂಭಾಗವೊಂದನ್ನೇ ಬಿಡಿಯಾಗಿ ಎಷ್ಟು ವರ್ಷ ಒದಗಿಸುತ್ತೀರಿ ಎಂದು ಲಿಖಿತವಾಗಿ ಕೇಳು. ಅಣ್ಣನ ಅಟ್ಲಾಸಿಗೆ ಹೊಸ ಚಿಮಟಾ ಸಿಂಧನೂರಿನ ಸಂತೆ ದಿನ ಸಿಕ್ಕಿತು. ಅಟ್ಲಾಸಿನ ಕೊನೆಯ ಕಾರ್ಖಾನೆ 2020ರ ಜೂನಿನಲ್ಲಿ ನಿಂತರೂ ಅದರ ಅಳತೆಯ ಬಿಡಿಭಾಗ ಇಂದಿಗೂ ಸಿಗುತ್ತದೆ.

ಅವನಿಗೆ ನಗು ಬಂದದ್ದು ಒಂದು ವಿಷಯಕ್ಕೆ. ಇಂದಿನ ಗುಡ್ಡದ ಸೈಕಲ್ಲುಗಳಲ್ಲಿ ಮುಂಭಾಗದ ಕೊಳವೆ 64-66 ಡಿಗ್ರಿಯಷ್ಟು ಒರಗಿರುತ್ತದೆ, ಇಳಿಜಾರಿನಲ್ಲಿ ಸ್ಥಿರವಾಗಿರಲೆಂದು. ನಮ್ಮ ಹಳೆಯ ರೋಡ್‌ಸ್ಟರಿನದೂ ಹೆಚ್ಚುಕಡಿಮೆ ಹಾಗೆಯೇ ಒರಗಿತ್ತು, ಕೆಟ್ಟ ರಸ್ತೆಗೆಂದೇ. ನನ್ನ ಶಾಲೆಯ ಮಕ್ಕಳನ್ನು ಮಸ್ಕಿಯ ಅಶೋಕನ ಶಾಸನ ತೋರಿಸಲು ಸೈಕಲ್ಲಿನಲ್ಲೇ ಕರೆದೊಯ್ದಾಗ ಎರಡೂ ಕೈ ಬಿಟ್ಟು ಓಡಿಸಿದ ಪೋರರು ನೆನಪಾದರು. ಸರ್ಕಾರ 2006-07ರಿಂದ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡತೊಡಗಿದ ಮೇಲೆ ಹೆಣ್ಣುಮಕ್ಕಳೂ ಆ ಸಾಲಿಗೆ ಸೇರಿದರು. ಅದು ಬೇರೆಯೇ ಬರಹದ ವಿಷಯ.

ಎರಡು ವಾರ ಓಡಿಸಬಹುದೇ ಎಂಬ ಪ್ರಶ್ನೆಗೆ ಒಂದು ದಿನವೂ ಬೇಡ ಎಂದೆ. "ಸಣ್ಣ ಗೆರೆ ಅಪ್ಪಾ, ಬಣ್ಣ ಬಿರಿದಿರಬಹುದು" ಎಂದ. ಆಗ 1979ರ ಸಂಗತಿಯನ್ನು ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಫೋನಿನ ಆ ತುದಿಯಲ್ಲಿ ಬಹಳ ಹೊತ್ತು ಮಾತಿರಲಿಲ್ಲ.

ಹಬ್ಬಕ್ಕೆ ಬಂದಾಗ ಆ ಫ್ರೇಮನ್ನು ಬಿಚ್ಚಿ ಕಾರಿನಲ್ಲಿ ತಂದಿದ್ದ. ಹಿಂದೆ ರೈಲ್ವೆ ಕಾರ್ಖಾನೆಗಳಲ್ಲಿ ಬಿರುಕು ಹುಡುಕಲು ಎಣ್ಣೆ ಮತ್ತು ಸುಣ್ಣದ ಪುಡಿ ಬಳಸುತ್ತಿದ್ದರು. ನಾವು ಅಂಗಳದಲ್ಲಿ ಕುಳಿತು ಸಂಶಯದ ಜಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣ ತೇಯ್ದ ಪುಡಿ ಉದುರಿಸಿದೆವು. ನಿವೃತ್ತ ಮಾಸ್ತರನ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ. ಕಾಲು ಗಂಟೆಯಲ್ಲಿ ಬಿರುಕಿನೊಳಗೆ ಉಳಿದಿದ್ದ ಎಣ್ಣೆ ಪುಡಿಗೆ ಹೀರಿ ಗೆರೆ ಮೂಡಿತು. ಅವನ ಫೋಟೋದಲ್ಲಿ ಕಂಡದ್ದು ಒಂದು ಅಂಗುಲದ ಗೆರೆ. ಇಲ್ಲಿ ಅದು ಬೆಸುಗೆಯನ್ನು ಬಳಸಿಕೊಂಡು ಕೊಳವೆಯ ಅರ್ಧ ಸುತ್ತು ಹೋಗಿತ್ತು. ಪಡಸಾಲೆಯಲ್ಲಿ ಕುಳಿತಿದ್ದ ಅಣ್ಣ ಎದ್ದು ಬಂದು ಕನ್ನಡಕ ಏರಿಸಿಕೊಂಡು ಅದನ್ನು ನೋಡಿದ. ಏನು ಇದು ಎಂದು ಕೇಳಿದ. ಮಗ ನನ್ನ ಮುಖ ನೋಡಿದ. ನಾನು ಅಣ್ಣನಿಗೆ ಕುರ್ಚಿ ಎಳೆದು ಕೊಟ್ಟು, ನಲವತ್ತಕ್ಕೂ ಹೆಚ್ಚು ವರ್ಷ ತಡವಾಗಿ, ಆ 'ಕಟ್ ಕಟ್' ಸದ್ದಿನಿಂದ ಮಾತು ಆರಂಭಿಸಿದೆ.