ರಿಪೋರ್ಟ್ ನಾರ್ಮಲ್, ಆದರೂ ಸುಸ್ತು: ಲಾಂಗ್ ಕೋವಿಡ್ ಲಕ್ಷಣಗಳನ್ನು ವೈದ್ಯರಿಗೆ ತಿಳಿಸುವುದು ಹೇಗೆ?

ಲಾಂಗ್ ಕೋವಿಡ್ ಎಂದರೇನು?

ಕೋವಿಡ್-19 ವಾಸಿಯಾದ ಮೇಲೂ ಕೆಲವರಲ್ಲಿ ಸುಸ್ತು, ಏದುಸಿರು, ತಲೆಸುತ್ತು, ಎದೆಬಡಿತ, ಮರೆವು ತಿಂಗಳುಗಟ್ಟಲೆ ಉಳಿಯುತ್ತವೆ. ಸಾಮಾನ್ಯವಾಗಿ ಸೋಂಕು ತಗುಲಿದ 3 ತಿಂಗಳ ನಂತರ ಕಾಣುವ, ಕನಿಷ್ಠ 2 ತಿಂಗಳು ಇರುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಹೀಗೆ ಗುರುತಿಸಿತು. ಸೋಂಕು ಸೌಮ್ಯವಾಗಿದ್ದವರಿಗೂ ಇದು ಬರಬಹುದು. ಭಾರತದ ಆರೋಗ್ಯ ಸಚಿವಾಲಯವೂ ಅದೇ ವರ್ಷ ಕೋವಿಡ್ ನಂತರದ ತೊಂದರೆಗಳ ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸಿದೆ.

‘ಏನೂ ಇಲ್ಲ’ ಎನ್ನುವುದೇಕೆ?

ಲಾಂಗ್ ಕೋವಿಡ್ ಅನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ಸಾಮಾನ್ಯ ರಕ್ತಪರೀಕ್ಷೆ, ಇಸಿಜಿ, ಎಕ್ಸ್-ರೇ ಸರಿಯಾಗಿಯೇ ಬರಬಹುದು. ಜೊತೆಗೆ, ಶ್ರಮಪಟ್ಟ ದಿನ ಚೆನ್ನಾಗಿದ್ದು 12ರಿಂದ 48 ಗಂಟೆಗಳ ನಂತರ ಹಾಸಿಗೆ ಹಿಡಿಯುವುದು ಈ ಕಾಯಿಲೆಯಲ್ಲಿ ಹಲವರ ಅನುಭವ. ಲಿಂಗಂಪಲ್ಲಿಯಿಂದ ರೈಲು ಹತ್ತಿ ಆಸ್ಪತ್ರೆಗೆ ಬಂದವರನ್ನು ವೈದ್ಯರು ಆ ಹತ್ತು ನಿಮಿಷ ನೋಡುತ್ತಾರೆ. ಮರುದಿನದ ಕುಸಿತವನ್ನು ನೋಡುವವರು ಮನೆಯವರು ಮಾತ್ರ.

ಮಾತಿನ ತೊಡಕು

ಲಿಂಗಂಪಲ್ಲಿ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಒಂದು ಪದದ ಬಗ್ಗೆ ಎಚ್ಚರ ವಹಿಸಬೇಕು. ಕನ್ನಡದಲ್ಲಿ ‘ಆಯಾಸ’ ಎಂದರೆ ದಣಿವು. ತೆಲುಗಿನಲ್ಲಿ ‘ಆಯಾಸಂ’ ಎಂದರೆ ಸಾಮಾನ್ಯವಾಗಿ ಏದುಸಿರು. ದಣಿವು ಹೇಳಲು ಹೋಗಿ ಉಸಿರಿನ ತೊಂದರೆ ಹೇಳಿದಂತಾಗಬಹುದು. ಆಗ ಪರೀಕ್ಷೆ ಶ್ವಾಸಕೋಶಕ್ಕೆ ನಡೆದು, ‘ನಾರ್ಮಲ್’ ಎಂಬ ಉತ್ತರ ಸಿಗುತ್ತದೆ. ಸುಸ್ತಿಗೆ ತೆಲುಗಿನಲ್ಲಿ ‘ನೀರಸಂ’ ಅಥವಾ ‘ಅಲಸಟ’ ಎನ್ನಿ.

ವೈದ್ಯರ ಬಳಿ ಹೋಗುವ ಮುನ್ನ

• ಎರಡು ವಾರ ಒಂದು ಪುಟ್ಟ ಟಿಪ್ಪಣಿ ಬರೆಯಿರಿ: ಏನು ಮಾಡಿದಿರಿ, ಯಾವಾಗ ಸುಸ್ತಾಯಿತು, ಎಷ್ಟು ಹೊತ್ತು ಉಳಿಯಿತು.
• ‘ತುಂಬಾ ಸುಸ್ತು’ ಎನ್ನುವ ಬದಲು ಆಗದ ಕೆಲಸ ಹೇಳಿ: ‘ಮೊದಲು ಮೂರು ಮಹಡಿ ಹತ್ತುತ್ತಿದ್ದೆ, ಈಗ ಸ್ನಾನ ಮಾಡಿದರೆ ಮಲಗಬೇಕು.’
• ಕೋವಿಡ್ ಬಂದ ತಿಂಗಳು, ಹಳೆಯ ರಿಪೋರ್ಟ್‌ಗಳು, ಔಷಧಿ ಚೀಟಿ ಒಯ್ಯಿರಿ.
• ಎದ್ದು ನಿಂತಾಗ ತಲೆ ಸುತ್ತಿದರೆ, ಮಲಗಿದಾಗ ಮತ್ತು ನಿಂತ 10 ನಿಮಿಷದೊಳಗೆ ನಾಡಿಬಡಿತ, ರಕ್ತದೊತ್ತಡ ನೋಡುವಂತೆ ಕೇಳಿ. ವಯಸ್ಕರಲ್ಲಿ ನಾಡಿ 30ಕ್ಕಿಂತ ಹೆಚ್ಚು ಏರಿ ಹಾಗೆಯೇ ಉಳಿದರೆ ಮುಂದಿನ ತಪಾಸಣೆ ಬೇಕು.

ವೈದ್ಯರನ್ನು ಏನು ಕೇಳಬೇಕು?

‘ಇದಕ್ಕೆ ಬೇರೆ ಯಾವ ಕಾರಣಗಳಿರಬಹುದು? ಯಾವುದನ್ನು ಪರೀಕ್ಷಿಸಿದ್ದೀರಿ?’ ಎಂದು ಕೇಳಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಕ್ಷಯರೋಗದಲ್ಲೂ ಇಂಥ ಸುಸ್ತು ಇರುತ್ತದೆ. ಎಲ್ಲವನ್ನೂ ‘ಟೆನ್ಷನ್’ ಅಥವಾ ಎಲ್ಲವನ್ನೂ ‘ಕೋವಿಡ್’ ಎಂದುಕೊಂಡರೆ ಇವು ಕೈತಪ್ಪುತ್ತವೆ. ಆತಂಕ, ಖಿನ್ನತೆ ಇದ್ದರೆ ಅದಕ್ಕೂ ಚಿಕಿತ್ಸೆ ಪಡೆಯಿರಿ, ಆದರೆ ಅದರಿಂದ ದೇಹದ ತಪಾಸಣೆ ನಿಲ್ಲಬೇಕಿಲ್ಲ. ‘ವ್ಯಾಯಾಮ ಹೆಚ್ಚಿಸಿ’ ಎಂದರೆ, ಶ್ರಮದ ನಂತರ ಕುಸಿಯುವುದನ್ನು ಮೊದಲು ತಿಳಿಸಿ. ಅಂಥವರಿಗೆ ಬಲವಂತದ ವ್ಯಾಯಾಮ ತೊಂದರೆ ಹೆಚ್ಚಿಸಬಹುದು.

ನಿಮ್ಮ ಹಕ್ಕು

ಬೇರೆ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದೂ, ದಾಖಲೆಗಳ ಪ್ರತಿ ಪಡೆಯುವ ಹಕ್ಕೂ ಇವೆ. ಹಳೆಯ ದಾಖಲೆ ಇದ್ದರೆ ಅದೇ ಪರೀಕ್ಷೆಗೆ ಮತ್ತೆ ಹಣ ಸುರಿಯುವುದು ತಪ್ಪುತ್ತದೆ.

ಆರೈಕೆ ಮಾಡುವವರಿಗೆ

ಸಾಧ್ಯವಾದರೆ ಜೊತೆಗೆ ಹೋಗಿ. ಮರುದಿನ ನೀವು ಕಂಡದ್ದನ್ನು ವೈದ್ಯರಿಗೆ ಹೇಳಿ. ಮನೆಯಲ್ಲಿ ‘ಸೋಮಾರಿತನ’ ಎನ್ನಬೇಡಿ. ಕೆಲಸವನ್ನು ತುಂಡು ಮಾಡಿ, ನಡುವೆ ವಿಶ್ರಾಂತಿ ಕೊಡಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದಾಗ

ಎದೆನೋವು, ಹೆಚ್ಚುತ್ತಿರುವ ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಒಂದು ಬದಿಯ ಕೈಕಾಲು ಬಲಹೀನವಾಗುವುದು, ಒಂದೇ ಕಾಲು ಊದಿಕೊಳ್ಳುವುದು ಕಂಡರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಹಿಂದಿನ ರಿಪೋರ್ಟ್ ನಾರ್ಮಲ್ ಇತ್ತು ಎಂಬುದು ಇಂದು ತಡಮಾಡಲು ಕಾರಣವಲ್ಲ.