ಎದೆಹಾಲಿನ ಪಾಠ: ಬಾಗಿಯೋ ಆಸ್ಪತ್ರೆಯಿಂದ ನಮ್ಮ ಹೆರಿಗೆ ವಾರ್ಡಿನವರೆಗೆ

"ಆಡು, ಹಸುಗಳಿಗೆ ಯಾರು ಕಲಿಸಿದರು? ಹೆತ್ತವಳಿಗೆ ಹಾಲೂಡಿಸುವುದನ್ನೂ ಆಸ್ಪತ್ರೆಯವರು ಹೇಳಿಕೊಡಬೇಕೆ?" ಎಂದು ನಮ್ಮ ಹಿರಿಯರು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ. ಚೀಪುವ ಶಕ್ತಿಯನ್ನು ಮಗು ಹುಟ್ಟುತ್ತಲೇ ತಂದಿರುತ್ತದೆ. ಆದರೆ ಅದನ್ನು ಎದೆಗೆ ಹಿಡಿದುಕೊಳ್ಳುವ ಬಗೆಯನ್ನು ತಾಯಿ ಹೆಚ್ಚಾಗಿ ಇನ್ನೊಬ್ಬರನ್ನು ನೋಡಿ ಕಲಿಯುತ್ತಾಳೆ. ಹಿಂದಿನ ತುಂಬಿದ ಮನೆಗಳಲ್ಲಿ ಅಕ್ಕನೋ ಅತ್ತಿಗೆಯೋ ಹಾಲೂಡಿಸುವುದನ್ನು ಹುಡುಗಿಯರು ದಿನನಿತ್ಯ ಕಾಣುತ್ತಿದ್ದರು. ತಮ್ಮ ಸರದಿ ಬಂದಾಗ ಸೂಲಗಿತ್ತಿ ಮಗ್ಗುಲಲ್ಲಿರುತ್ತಿದ್ದಳು. ಯಾರೂ ಪಾಠವೆಂದು ಕರೆಯದ ಪಾಠ ಅದು. ಆ ಪಾಠ ಹೇಗೆ ಕೈತಪ್ಪಿತು, ಮತ್ತೆ ಹೇಗೆ ಆಸ್ಪತ್ರೆಯ ಹಾಸಿಗೆಯ ಬಳಿಗೆ ಬಂದಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿಗೆ ಬಂದಿರುವುದರಿಂದ ಇದು ನಿಮಗೂ ಸಂಬಂಧಿಸಿದ ಚರಿತ್ರೆ.

ಹಿಂದಿನದೆಲ್ಲವೂ ಸರಿಯಾಗಿತ್ತೆಂದು ಹೇಳಲಾಗದು. ಹಸು ಈದರೆ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ ನೆರೆಮನೆಗಳಿಗೂ ಹಂಚುವ ನಾವು, ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಿದ್ದೆವು. ಎರಡು ಮೂರು ದಿನ ಮಗುವಿಗೆ ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವುದು ವಾಡಿಕೆಯಾಗಿತ್ತು. ಸುಶ್ರುತ ಸಂಹಿತೆಯೂ ಹಾಲು ಇಳಿಯುವುದು ಮೂರು ನಾಲ್ಕು ರಾತ್ರಿಗಳು ಕಳೆದ ಮೇಲೆ ಎಂದು ಹೇಳಿ, ಅಲ್ಲಿಯವರೆಗೆ ಜೇನು ತುಪ್ಪಗಳನ್ನು ವಿಧಿಸುತ್ತದೆ. ಆ ಹಳದಿ ಹಾಲು ಅಳತೆಯಲ್ಲಿ ಕೆಲವು ಚಮಚೆಗಳಷ್ಟೇ ಇರುತ್ತದೆ, ನಿಜ. ಮೊದಲ ದಿನ ಮಗುವಿನ ಹೊಟ್ಟೆಯೂ ಅಷ್ಟೇ ಕಿರಿದು. ರೋಗಗಳನ್ನು ತಡೆಯುವ ಅಂಶಗಳು ಅದರಲ್ಲಿ ಹೇರಳವಾಗಿವೆ ಎಂಬುದನ್ನು ವೈದ್ಯವಿಜ್ಞಾನ ಇಂದು ತಿಳಿದಿದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕ, ಯೂರೋಪುಗಳಲ್ಲಿ ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಸಾಗಿತು. ಕಷ್ಟದ ಹೆರಿಗೆಗಳಲ್ಲಿ ಆಸ್ಪತ್ರೆ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಸೋಂಕಿನ ಭಯದಿಂದ ಅಲ್ಲಿ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ, ಗಾಜಿನ ಗೋಡೆಯ ಕೊಠಡಿಯಲ್ಲಿ ಸಾಲಾಗಿ ಮಲಗಿಸುವ ಪದ್ಧತಿ ಬೆಳೆಯಿತು. ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಮಗುವನ್ನು ತಾಯಿಯ ಬಳಿ ತರುವುದು, ನಡುವೆ ಅತ್ತರೆ ಬಾಟಲಿ ಕೊಡುವುದು ರೂಢಿಯಾಯಿತು. ಎದೆಹಾಲಿನ ನಿಯಮವಾದರೋ ಬೇರೆಯದು. ಮಗು ಚೀಪಿದಷ್ಟೂ ಹಾಲು ಹುಟ್ಟುತ್ತದೆ. ಬಾಟಲಿಯಲ್ಲಿ ಹೊಟ್ಟೆ ತುಂಬಿದ ಮಗು ಎದೆಯನ್ನು ಚೀಪದು, ಚೀಪದಿದ್ದರೆ ಹಾಲು ಕಡಿಮೆಯಾಗುವುದು, ಆಗ ತಾಯಿ "ನನಗೆ ಹಾಲು ಸಾಲದು" ಎಂದು ನಂಬುವಳು. ಇದೇ ಪದ್ಧತಿ ಆಧುನಿಕತೆಯ ಹೆಸರಿನಲ್ಲಿ ಬಡ ದೇಶಗಳ ಆಸ್ಪತ್ರೆಗಳಿಗೂ ಬಂದಿತು.

ತಾಯಿಯ ಈ ಅಳುಕಿನ ಮೇಲೆಯೇ ಡಬ್ಬಿ ಹಾಲಿನ ವ್ಯಾಪಾರ ಬೆಳೆಯಿತು. 1939ರಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ 'ಹಾಲು ಮತ್ತು ಕೊಲೆ' ಎಂಬರ್ಥದ ಶೀರ್ಷಿಕೆಯಡಿ ಮಾತನಾಡಿ, ಶಿಶುಗಳಿಗೆ ತಕ್ಕುದಲ್ಲದ ಹಾಲನ್ನು ಪ್ರಚಾರ ಮಾಡಿ ಮಾರುವುದನ್ನು ಕಟುವಾಗಿ ಖಂಡಿಸಿದರು. 1974ರಲ್ಲಿ ಬ್ರಿಟನ್ನಿನ 'ವಾರ್ ಆನ್ ವಾಂಟ್' ಸಂಸ್ಥೆ ಹೊರತಂದ 'ದಿ ಬೇಬಿ ಕಿಲ್ಲರ್' ಎಂಬ ಪುಸ್ತಿಕೆಯು, ದಾದಿಯರಂತೆ ಉಡುಪು ತೊಟ್ಟ ಮಾರಾಟಗಾರ್ತಿಯರು ತಾಯಂದಿರ ಬಳಿಗೆ ಹೋಗುತ್ತಿದ್ದುದನ್ನು ಬಯಲಿಗೆಳೆಯಿತು. ಶುದ್ಧ ನೀರಾಗಲಿ, ಬಾಟಲಿ ಕುದಿಸಲು ಉರುವಲಾಗಲಿ ಇಲ್ಲದ ಮನೆಗಳಲ್ಲಿ, ದುಬಾರಿ ಪುಡಿಯನ್ನು ಹೆಚ್ಚು ದಿನ ಬರಿಸಲು ತಾಯಿ ನೀರು ಬೆರೆಸಿ ತೆಳ್ಳಗೆ ಮಾಡುತ್ತಿದ್ದಳು. ಮಕ್ಕಳು ಬಡಕಲಾಗಿ, ವಾಂತಿಭೇದಿಯಿಂದ ಸಾಯುತ್ತಿದ್ದವು. ಕಲಿಸುವವರು ಸುಮ್ಮನಿದ್ದ ಕಡೆ ಮಾರುವವರೇ ಗುರುಗಳಾಗಿದ್ದರು.

ಇದನ್ನು ಒಂದು ಆಸ್ಪತ್ರೆಯ ಮಟ್ಟದಲ್ಲಿ ಬದಲಿಸಿ ತೋರಿಸಿದವರು ಫಿಲಿಪ್ಪೀನ್ಸ್ ದೇಶದ ಡಾ. ನಾಟಿವಿಡಾಡ್ ರೆಲೂಸಿಯೋ ಕ್ಲವಾನೋ. ನಮ್ಮ ಊಟಿಯಂತೆ ಬೆಟ್ಟದ ಮೇಲಿರುವ ಬಾಗಿಯೋ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಮಕ್ಕಳ ವಿಭಾಗದ ಮುಖ್ಯಸ್ಥೆ. ಆ ಆಸ್ಪತ್ರೆಯಲ್ಲಿಯೂ ಹುಟ್ಟಿದ ಮಗು ಶಿಶುಕೊಠಡಿಗೆ, ಅಲ್ಲಿಂದ ಬಾಟಲಿಗೆ ಹೋಗುತ್ತಿತ್ತು. 1975ರಲ್ಲಿ ಅವರು ಈ ಕ್ರಮವನ್ನೇ ತಿರುಗಿಸಿದರು. ಹಾಲಿನ ಪುಡಿಯ ಕಂಪನಿಗಳ ಭಿತ್ತಿಚಿತ್ರಗಳು ಗೋಡೆಯಿಂದ ಇಳಿದವು. ಅವುಗಳ ಪ್ರತಿನಿಧಿಗಳಿಗೆ, ಉಚಿತ ಮಾದರಿ ಡಬ್ಬಿಗಳಿಗೆ ಬಾಗಿಲು ಮುಚ್ಚಿತು. ಮಗು ಹಗಲಿರುಳೂ ತಾಯಿಯ ಮಗ್ಗುಲಲ್ಲಿಯೇ ಇರಬೇಕೆಂದಾಯಿತು.

ಕ್ಲವಾನೋ ಅವರು 1973ರಿಂದ 1977ರವರೆಗೆ ಅಲ್ಲಿ ಹುಟ್ಟಿದ ಸುಮಾರು 10,000 ಮಕ್ಕಳ ದಾಖಲೆಗಳನ್ನು ಇಟ್ಟು, ಬದಲಾವಣೆಗೆ ಮುಂಚಿನ ಮತ್ತು ಅನಂತರದ ಸ್ಥಿತಿಯನ್ನು ಹೋಲಿಸಿದರು. ನವಜಾತ ಶಿಶುಗಳ ಸಾವು ಶೇಕಡಾ 95ರಷ್ಟು ಇಳಿದಿತ್ತು. ಸೋಂಕುಗಳೂ ಬಹುಪಾಲು ಕಡಿಮೆಯಾಗಿದ್ದವು. ಹೊಸ ಔಷಧಿ ಬಂದಿರಲಿಲ್ಲ, ಹೊಸ ಯಂತ್ರ ಬಂದಿರಲಿಲ್ಲ. 1978ರಲ್ಲಿ ಸೆನೆಟರ್ ಎಡ್ವರ್ಡ್ ಕೆನೆಡಿ ಅವರ ಅಧ್ಯಕ್ಷತೆಯಲ್ಲಿ ಅಮೆರಿಕದ ಸೆನೆಟ್ ನಡೆಸಿದ ವಿಚಾರಣೆಯಲ್ಲಿ ಅವರು ಸಾಕ್ಷ್ಯ ನುಡಿದರು.

1981ರಲ್ಲಿ ವಿಶ್ವ ಆರೋಗ್ಯ ಸಭೆಯು ಹಾಲಿನ ಪುಡಿಯ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯೊಂದನ್ನು ಅಂಗೀಕರಿಸಿತು. ಪರವಾಗಿ 118 ಮತಗಳು, ವಿರುದ್ಧವಾಗಿ ಒಂದೇ ಒಂದು. ಆ ಒಂದು ಅಮೆರಿಕದ್ದು. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೆರಿಗೆ ಆಸ್ಪತ್ರೆಗಳಿಗಾಗಿ ಹತ್ತು ಸೂತ್ರಗಳನ್ನು ಕೊಟ್ಟವು. ತಾಯಿಗೆ ಹಾಲೂಡಿಸುವುದನ್ನು ತೋರಿಸಿಕೊಡಬೇಕು, ಇಪ್ಪತ್ತನಾಲ್ಕು ಗಂಟೆಯೂ ಮಗು ಅವಳ ಬಳಿಯಿರಬೇಕು, ಕೇಳಿದಾಗಲೆಲ್ಲ ಹಾಲು ಕೊಡಬೇಕು ಎಂಬವು ಅವುಗಳಲ್ಲಿ ಸೇರಿವೆ. 1991ರಲ್ಲಿ ಆರಂಭವಾದ ಶಿಶುಸ್ನೇಹಿ ಆಸ್ಪತ್ರೆ ಯೋಜನೆಗೆ ಇವೇ ಆಧಾರ. ನಮ್ಮ ದೇಶದಲ್ಲಿ 1992ರಲ್ಲಿ ಕಾಯಿದೆಯಾಗಿ, ಶಿಶು ಆಹಾರದ ಪುಡಿ ಮತ್ತು ಬಾಟಲಿಗಳ ಜಾಹೀರಾತು, ಉಚಿತ ಮಾದರಿಗಳು ನಿಷಿದ್ಧವಾದವು. 2016ರಲ್ಲಿ 'ಮಾ' ಎಂಬ ಕಾರ್ಯಕ್ರಮ ಬಂದಿತು.

ಹಾಗಾದರೆ ದಾದಿ ಕಲಿಸುವ ಪಾಠವೇನು? ಮಗು ಬಾಯಿಯನ್ನು ಅಗಲವಾಗಿ ತೆರೆದಿರಬೇಕು. ತೊಟ್ಟು ಮಾತ್ರವಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಆದಷ್ಟು ಬಾಯೊಳಗೆ ಹೋಗಬೇಕು. ಕೆಳದುಟಿ ಹೊರಮುಖವಾಗಿ ಮಡಿಸಿರಬೇಕು. ಗಲ್ಲ ಎದೆಗೆ ತಾಗಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲೂಡಿಸಬೇಕಾದೀತು. ತೊಟ್ಟು ಬಿರಿದು ನೋಯುತ್ತಿದ್ದರೆ ಹೆಚ್ಚಾಗಿ ಹಿಡಿತದಲ್ಲಿ ತಪ್ಪಿದೆ ಎಂದರ್ಥ. ಇಷ್ಟನ್ನು ಗೋಡೆಯ ಫಲಕದಲ್ಲಿ ಬರೆದಿಟ್ಟರೆ ಸಾಲದು. ಅಕ್ಷರ ತಿದ್ದಿಸುವಾಗ ಕೈ ಹಿಡಿಯುವಂತೆ, ಯಾರಾದರೂ ಮಗ್ಗುಲಲ್ಲಿ ಕುಳಿತು ತೋರಿಸಬೇಕು.

ಕೊರತೆಯಾಗಿರುವುದು ಇದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ನೂರಕ್ಕೆ 42 ಮಾತ್ರ. ಶಾಲೆಗೆ ದಾಖಲಾತಿ ಪೂರ್ತಿಯಾಗಿದೆ, ಪಾಠ ಅರ್ಧದಷ್ಟೂ ನಡೆದಿಲ್ಲ.

ಕೆಲವು ತಾಯಂದಿರಿಗೆ ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದಿರಬಹುದು. ಅಂಥವರನ್ನು ದೂರುವುದು ಯಾರಿಗೂ ತರವಲ್ಲ. ಆದರೆ ನಿಮ್ಮ ಮಗಳೋ ಸೊಸೆಯೋ ಹೆತ್ತಾಗ, ಸಿಸೇರಿಯನ್ ಆಗಿದ್ದರೂ ಸರಿಯೇ, ಜೇನಿನ ಬಟ್ಟಲನ್ನು ಹುಡುಕುವ ಮುನ್ನ ನರ್ಸನ್ನು ಕರೆಯಿರಿ. "ಮಗು ಸರಿಯಾಗಿ ಹಿಡಿದುಕೊಂಡಿದೆಯೇ, ಸ್ವಲ್ಪ ಕುಳಿತು ನೋಡಮ್ಮ" ಎಂದು ಕೇಳಿರಿ. ಹಾಗೆ ಕೇಳುವುದು ಬಾಣಂತಿಯ ಹಕ್ಕು. ಅವಳು ದಣಿದಿರುತ್ತಾಳೆ, ಅವಳ ಪರವಾಗಿ ನೀವು ಕೇಳಬೇಕು.